ತಂಗಿಯ ಬಲಭುಜ

ಹೋಗೆವಾರ್ಫ್,
ಗುರುವಾರ, ಜನವರಿ 22

ತಂಗಿ ತಲೇಯಾಗೆ ಅಕ್ಕ ಫೋಲ್ಕೆ ಬರೆಯುವುದು.

ಮೊದಲು 'ಪ್ರೀತಿಯ ತಲೇಯಾ' ಎಂದು ಶುರು ಮಾಡಿದ್ದೆ. ಓದಿ ನೋಡಿದಾಗ ನನಗೇ ನಗು ಬಂತು. ಆ ಹಾಳೆ ಒಲೆಗೆ ಹೋಯಿತು. ಎರಡು ವರ್ಷದಿಂದ ಒಂದೇ ಚರ್ಚಿನ ಬೆಂಚುಗಳಲ್ಲಿ ಕೂತು, ಒಂದೇ ಬೇಕರಿಯ ಸಾಲಿನಲ್ಲಿ ನಿಂತು ಮಾತಾಡದೆ ಇರುವವರು ನಾವು. ಇದ್ದಕ್ಕಿದ್ದಂತೆ ಪ್ರೀತಿಯ ಎಂದು ಬರೆದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ನಿನ್ನ ಸುದ್ದಿ ತಿಳಿಯಿತು. ನಿನ್ನ ಗಂಡ ಒನ್ನೋ ಬೇಕರಿಯಲ್ಲಿ ಹೇಳಿದನಂತೆ. ನನ್ನ ಸೊಸೆ ಆಲ್ಮುಟ್ ಅದನ್ನು ಬ್ರೆಡ್ಡಿನ ಜೊತೆಗೇ ಮನೆಗೆ ತಂದಳು. "ಅತ್ತೆ, ಚಿಕ್ಕತ್ತೆಗೆ ಭುಜದ ಆಪರೇಷನ್ ಆಗಿ ಹನ್ನೆರಡು ದಿನ ಆಯ್ತಂತೆ. ಸೋಮವಾರ ಒಂಬತ್ತೂಕಾಲಿಗೆ ಇಮ್ಕೆ ಹತ್ರ ಫಿಸಿಯೋಥೆರಪಿ ಶುರುವಂತೆ. ತುಂಬಾ ಹೆದರಿದ್ದಾರಂತೆ ಪಾಪ" ಎಂದಳು. "ಹೆದರ್ಲಿ ಬಿಡು" ಎಂದೆ. ಅವಳು ನನ್ನ ಮುಖ ನೋಡಿ, ಚೀಲ ಮೇಜಿನ ಮೇಲಿಟ್ಟು, ಹಸುಗಳ ಕಡೆಗೆ ಹೊರಟುಹೋದಳು.

ನನಗೆ ಸಂತೋಷವಾಯಿತು, ತಲೇಯಾ. ನೀನು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅದೇ ಬಲಭುಜ, ಅದೇ ಹರಿದ ಸ್ನಾಯು, ಹಳೆಯ ಹಾಲಿನ ಡೇರಿಯ ಹಿಂದೆ ಅದೇ ಇಮ್ಕೆಯ ಅದೇ ಹಸಿರು ಮಂಚ. ನಾನು ಮಲಗಿದ್ದ ಕಡೆ ನೀನು ಮಲಗಬೇಕು ಎಂದು ಎಷ್ಟು ಸಲ ಬೇಡಿಕೊಂಡಿದ್ದೇನೋ, ಚರ್ಚಿನಲ್ಲಿ ಕೂತು ಬೇಡಿಕೊಳ್ಳುವಂಥದ್ದಲ್ಲ ಅದು. ಆದರೂ ನಮ್ಮಪ್ಪನ ಮಗಳೊಬ್ಬಳು ಏನೂ ತಿಳಿಯದೆ ಹೋಗಿ ಬಾಗಿಲಲ್ಲಿ ಬೆಪ್ಪಾಗಿ ನಿಲ್ಲುವುದು ನನಗೆ ಹಿಡಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ಮೇಲಿನ ಕನಿಕರದಿಂದ ಅಲ್ಲ.

ಡಾಕ್ಟರು ಬರೆದ ಚೀಟಿಯನ್ನು ಈಗಲೇ ಚೀಲಕ್ಕೆ ಹಾಕು. ಬರೆದ ದಿನದಿಂದ ನಾಲ್ಕು ವಾರದೊಳಗೆ ಶುರು ಮಾಡದಿದ್ದರೆ ಅದು ನಡೆಯುವುದಿಲ್ಲ. ಒಂದು ಚೀಟಿಗೆ ಸಾಮಾನ್ಯವಾಗಿ ಆರೇ ಸಲ. ಆರಕ್ಕೆ ಮುಗಿಯುತ್ತದೆ ಎಂದುಕೊಳ್ಳಬೇಡ, ಮುಂದಿನದನ್ನು ಮೊದಲೇ ಕೇಳಿ ಇಟ್ಟುಕೋ. ಆಪರೇಷನ್ ವರದಿಯನ್ನೂ ಒಯ್ಯಿ. ಯಾವ ಸ್ನಾಯುವನ್ನು ಎಲ್ಲಿ ಹೊಲಿದಿದ್ದಾರೆ ಎಂಬುದು ಇಮ್ಕೆಗೆ ಗೊತ್ತಾಗಬೇಕು. ನೀನು ನುಂಗುವ ಮಾತ್ರೆಗಳ ಪಟ್ಟಿ ಬೇಕು. ದೊಡ್ಡ ಟವೆಲು ನಿನ್ನದೇ ಇರಲಿ. ನಾನು ಮೊದಲ ದಿನ ಮರೆತುಹೋಗಿದ್ದೆ. ಇಮ್ಕೆ ಸುರುಳಿಯಿಂದ ಕಾಗದ ಹರಿದು ಹಾಸಿದಳು. ಮಾಂಸದಂಗಡಿಯಲ್ಲಿಟ್ಟ ಹಂದಿಯ ತೊಡೆಯ ಹಾಗೆ ಅದರ ಮೇಲೆ ಬಿದ್ದುಕೊಂಡಿದ್ದೆ.

ಮುಂದೆ ಗುಂಡಿ ಇರುವ ಅಂಗಿ, ಒಳಗೆ ತೋಳಿಲ್ಲದ ಬನಿಯನ್. ತಲೆಯ ಮೇಲಿಂದ ಎಳೆದು ಹಾಕುವ ನಿನ್ನ ಆ ನೀಲಿ ಸ್ವೆಟರ್ ಬೇಡ. ಬಟ್ಟೆ ಬಿಚ್ಚಲು ಮೂವತ್ತು ವರ್ಷ ಚಿಕ್ಕವಳ ಸಹಾಯ ಕೇಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಅದೊಂದು ಅವಮಾನವನ್ನು ನಿನಗೆ ಮಾಫಿ ಮಾಡುತ್ತೇನೆ. ಬೇರೆಯವು ಸಾಕಷ್ಟಿವೆ.

ಹೋದ ತಕ್ಷಣ ಎಣ್ಣೆ ಹಚ್ಚಿ ತಿಕ್ಕುತ್ತಾಳೆ ಎಂದುಕೊಂಡಿದ್ದರೆ ಮರೆತುಬಿಡು. ಮೊದಲ ದಿನವೆಲ್ಲ ಪ್ರಶ್ನೆ ಮತ್ತು ಅಳತೆ. ಯಾವಾಗ ಆಯಿತು, ಏನು ಮಾಡುವಾಗ ಆಯಿತು, ಮಲಗಿದರೆ ಹೇಗೆ, ಬೆರಳು ಜೋಮು ಹಿಡಿಯುತ್ತದೆಯೇ. ಆಮೇಲೆ ಎರಡು ತೋಳಿನ ಅಳತೆಪಟ್ಟಿಯೊಂದನ್ನು ಭುಜಕ್ಕಿಟ್ಟು ಕೈ ಎಷ್ಟು ಡಿಗ್ರಿ ಏರುತ್ತದೆ ಎಂದು ನೋಡುತ್ತಾಳೆ. ಕೊನೆಗೊಂದು ಪ್ರಶ್ನೆ ಕೇಳುತ್ತಾಳೆ: "ಈ ಕೈಯಿಂದ ನಿಮಗೆ ಏನ್ ಮಾಡೋಕೆ ಆಗ್ಬೇಕು?" ಸುಮ್ಮನೆ ಕೇಳುವುದಲ್ಲ, ಅದರ ಮೇಲೆಯೇ ಮುಂದಿನ ವ್ಯಾಯಾಮವನ್ನೆಲ್ಲ ಹೊಂದಿಸುತ್ತಾಳೆ. ಜನ ತಲೆ ಬಾಚಬೇಕು ಎನ್ನುತ್ತಾರೆ, ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಎನ್ನುತ್ತಾರೆ. ನಾನು ಹೇಳಿದ್ದು ಇಷ್ಟು: "ನನ್ನ ತಂಗೀನ ಸೋಲಿಸ್ಬೇಕು." ಇಮ್ಕೆ ನಗಲಿಲ್ಲ. ಬರೆದುಕೊಂಡಳು. ಈಗಲೂ ಅವಳ ಕಡತದಲ್ಲಿ ಇರಬೇಕು, ಬೇಕಾದರೆ ಕೇಳು.

ಯಾಕೆ ಹಾಗೆ ಹೇಳಿದೆ ಎಂದು ನೀನು ಕೇಳಲಾರೆ. ಅದರ ಹಿಂದಿನ ಶನಿವಾರವೇ, ರಸ್ತೆಯುದ್ದಕ್ಕೂ ಚೆಂಡೆಸೆದು ಕಡಿಮೆ ಎಸೆತದಲ್ಲಿ ದೂರ ಮುಟ್ಟುವ ನಮ್ಮ ಆಟದ ಸಂಘದ ವರ್ಷದ ಕೇಲ್ ಸೊಪ್ಪಿನ ಊಟವಿತ್ತು. ನನಗೆ ಆಪರೇಷನ್ ಆಗಿ ಹತ್ತು ದಿನ. ಕೈ ದಿಂಬಿನ ಮೇಲೆ, ದಿಂಬು ಹೊಟ್ಟೆಗೆ ಕಟ್ಟಿದ್ದು. ಆದರೂ ಬಂದೆ, ಯಾಕೆಂದರೆ ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ಡಾಕ್ಟರು ನನಗೆ ಹೇಳಿದ್ದು ಆರು ತಿಂಗಳು ಚೆಂಡು ಮುಟ್ಟಬೇಡಿ ಎಂದು, ಅಷ್ಟೇ. ನೀನು ಹೋಗಿ ಅಧ್ಯಕ್ಷ ಹಾರ್ಮ್‌ನ ಕಿವಿಯಲ್ಲಿ ಹೇಳಿದ್ದು ಬೇರೆ. "ಅಕ್ಕನ ಕೈ ಮುಗೀತು ಹಾರ್ಮ್. ಇನ್ಮೇಲೆ ಎಸೆಯೋಕಾಗಲ್ಲ ಅಂತ ಡಾಕ್ಟ್ರೇ ಹೇಳಿದಾರೆ." ಇದನ್ನು ಹಾರ್ಮ್ ನನಗೆ ಆಮೇಲೆ ಹೇಳಿದ. ಆ ರಾತ್ರಿ ನನಗೆ ಏನೂ ಗೊತ್ತಿರಲಿಲ್ಲ. ಅವನು ಎದ್ದು ನಿಂತ, ಗ್ಲಾಸಿಗೆ ಚಮಚ ಬಡಿದ, ಮೂವತ್ತೊಂದು ವರ್ಷ ನಮ್ಮ ಊರಿನ ಹೆಂಗಸರ ತಂಡಕ್ಕೆ ಕೊನೆಯ ಚೆಂಡು ಎಸೆದ ಫೋಲ್ಕೆಗೆ ವಂದನೆ ಎಂದ. ಹೆಸರು ಕೆತ್ತಿದ ಚೆಂಡನ್ನು ಮರದ ಪೀಠದ ಮೇಲಿಟ್ಟು ನನ್ನ ಮುಂದಿಟ್ಟ. ಎಂಬತ್ತು ಜನ ಚಪ್ಪಾಳೆ ತಟ್ಟಿದರು. ಸತ್ತವರ ಫೋಟೋ ಮುಂದೆ ಹೂವು ಇಟ್ಟ ಹಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆನೋ ಏನೋ. ನೀನು ನನ್ನ ತಟ್ಟೆಯನ್ನು ನಿನ್ನ ಕಡೆಗೆ ಎಳೆದುಕೊಂಡೆ. ಚಾಕು ತೆಗೆದುಕೊಂಡು ನನ್ನ ಸಾಸೇಜನ್ನು ಕತ್ತರಿಸಿದೆ. "ತಿನ್ನು ಅಕ್ಕ, ಸಣ್ಣಕ್ಕೆ ಹೆಚ್ಚಿದೀನಿ" ಎಂದೆ. ಪಕ್ಕದ ಮೇಜಿನಿಂದ ಯಾರೋ "ಕತ್ತಿಗೆ ಬಟ್ಟೆನೂ ಕಟ್ಟು ತಲೇಯಾ, ಜೊಲ್ಲು ಬಿದ್ದೀತು!" ಎಂದು ಕೂಗಿದರು. ನೀನು ನಕ್ಕೆ. ಹದಿನಾಲ್ಕು ತುಂಡು ಇದ್ದವು. ಒಂದನ್ನೂ ನಾನು ಮುಟ್ಟಲಿಲ್ಲ. ಮೂವರು ಮಕ್ಕಳನ್ನು ಹೆತ್ತು, ಗಂಡ ಹೋದಮೇಲೆ ನೂರು ಹಸುವಿನ ಮನೆಯನ್ನು ಒಬ್ಬಳೇ ನಡೆಸಿದ ನನಗೆ, ಎಲ್ಲರ ಎದುರು, ನೀನು!

ಇರಲಿ. ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ.

ಇಮ್ಕೆ ಪ್ರತಿ ಸಲವೂ ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳುತ್ತಾಳೆ. ಇಲ್ಲಿ ನಮ್ಮ ಜನ ಕೆಡುತ್ತಾರೆ. ಹೇಗಿದ್ದೀರಿ ಎಂದರೆ 'ನಡೀತಿದೆ' ಎನ್ನುವುದು ಬಿಟ್ಟು ಬೇರೆ ಮಾತು ನಮಗೆ ಬರುವುದಿಲ್ಲ. ಗೂಳಿ ಗುದ್ದಿ ಮೂರು ಪಕ್ಕೆಲುಬು ಮುರಿದ ದಿನ ಅಪ್ಪ ಅಡುಗೆಮನೆಯ ನೆಲದ ಮೇಲೆ ಮಲಗಿಕೊಂಡು 'ನಡೀತಿದೆ' ಎಂದದ್ದು ನಿನಗೆ ನೆನಪಿರಬೇಕು, ನೀನೇ ಅಲ್ಲವೇ ಡಾಕ್ಟರನ್ನು ಕರೆಯಲು ಸೈಕಲ್ ಹತ್ತಿದವಳು. ಇಮ್ಕೆಯ ಹತ್ತಿರ ಆ ಆಟ ಆಡಬೇಡ. ಏಳಿದ್ದರೆ ಏಳು ಎನ್ನು. ಅವಳು ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಅಂಕಿಯ ಮೇಲೇ ಲೆಕ್ಕ ಹಾಕುತ್ತಾಳೆ. ವ್ಯಾಯಾಮ ಆದಮೇಲೆ ಒಂದೆರಡು ಗಂಟೆ ನೋಯುವುದು ಸರಿ. ಮರುದಿನ ಬೆಳಿಗ್ಗೆಯೂ ಹೆಚ್ಚಾಗಿಯೇ ಇದ್ದರೆ ಅತಿಯಾಯಿತು ಎಂದು ಅರ್ಥ, ಹೇಳಬೇಕು. ಜ್ವರ ಬಂದರೆ, ಹೊಲಿಗೆ ಕೆಂಪಾಗಿ ಬಿಸಿಯಾದರೆ ಇಮ್ಕೆಯ ದಿನಕ್ಕೆ ಕಾಯಬೇಡ, ನೇರ ಡಾಕ್ಟರಿಗೆ ಫೋನ್ ಮಾಡು.

ಮೊದಲ ಆರು ವಾರ ಆ ಕೈಯನ್ನು ನೀನಾಗಿ ಎತ್ತುವಂತಿಲ್ಲ. ಅವಳು ಎತ್ತುತ್ತಾಳೆ. ಮಣಿಕಟ್ಟಿನ ಕೆಳಗೊಂದು, ಮೊಣಕೈ ಕೆಳಗೊಂದು ಕೈ ಕೊಟ್ಟು "ಭಾರ ನನಗೆ ಬಿಡಿ" ಎನ್ನುತ್ತಾಳೆ. ಸುಲಭ ಎನಿಸುತ್ತದೆ ಅಲ್ಲವೇ? ನನಗೆ ನಾಲ್ಕು ಭೇಟಿ ಬೇಕಾಯಿತು. ಬಿಟ್ಟಿದ್ದೇನೆ ಎಂದು ನಾನು, ಬಿಟ್ಟಿಲ್ಲ ಎಂದು ಅವಳು. "ಫೋಲ್ಕೆಯವರೇ, ನೀವು ನನ್ ಕೈಗೆ ಸಹಾಯ ಮಾಡ್ತಿದೀರಿ. ಸಹಾಯ ಬೇಡ" ಎಂದಳು. ಐದನೆಯ ಸಲ ಯಾಕೋ ಕೈ ತಾನಾಗಿ ಭಾರವಾಯಿತು, ಅವಳ ಅಂಗೈಯಲ್ಲಿ ಕೂತಿತು. ಅಮ್ಮ ಹೋದಮೇಲೆ ನನ್ನ ದೇಹದ ಭಾರವನ್ನು ಇನ್ನೊಬ್ಬರು ಹೊತ್ತದ್ದು ಅದೇ ಮೊದಲು. ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೆ. ನಿನಗೆ ಇದು ನನಗಿಂತ ಬೇಗ ಬರುತ್ತದೆ. ನೀನು ಚಿಕ್ಕಂದಿನಿಂದಲೂ ಹೊರಿಸಿಕೊಂಡವಳು.

ಅವಳ ಬಳಿ ಇರುವುದು ಇಪ್ಪತ್ತು ನಿಮಿಷ. ಉಳಿದದ್ದು ಮನೆಯಲ್ಲಿ ನೀನೇ ಮಾಡಬೇಕು. ಮೇಜಿನ ಮೇಲೆ ಒಳ್ಳೆಯ ಕೈ ಊರಿ ಬಾಗಿ, ಇನ್ನೊಂದನ್ನು ಗಂಟೆಯ ನಾಲಗೆಯ ಹಾಗೆ ನೇತಾಡಿಸುವುದು ಮೊದಲು. ಎಷ್ಟು ಸಲ ಎಂದು ಅವಳು ಹೇಳುತ್ತಾಳೆ, ಅಷ್ಟೇ ಮಾಡು, ಹೆಚ್ಚು ಮಾಡಿದರೆ ಬೇಗ ವಾಸಿಯಾಗುವುದಿಲ್ಲ. ಮಾಡದೆ ಹೋಗಿ ಮಾಡಿದೆ ಎಂದರೆ ಕೈ ಹಿಡಿದ ಕೂಡಲೇ ಅವಳಿಗೆ ತಿಳಿಯುತ್ತದೆ. ಮಲಗುವಾಗ ಬೆನ್ನಿಗೆ ಎರಡು ದಿಂಬು, ಮೊಣಕೈ ಕೆಳಗೆ ಒಂದು. ಒಂದು ವಾರ ಹತ್ತು ಡಿಗ್ರಿ ಏರುತ್ತದೆ, ಮುಂದಿನ ವಾರ ಐದು ಇಳಿಯುತ್ತದೆ. ಅಳಬೇಡ. ಅತ್ತರೆ ಒನ್ನೋ ಬೇಕರಿಯಲ್ಲಿ ಹೇಳುತ್ತಾನೆ.

ಒಂಬತ್ತನೆಯ ವಾರದ ಬಗ್ಗೆ ನಿನಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆಗ ದಿಂಬು ಹೋಗಿರುತ್ತದೆ, ನೋವು ಇಳಿದಿರುತ್ತದೆ, ಬಟ್ಟಲು ಎತ್ತಬಹುದು, ಎಲ್ಲ ಸರಿಹೋಯಿತು ಎನಿಸುತ್ತದೆ. ಸರಿಹೋಗಿರುವುದಿಲ್ಲ. ಹೊಲಿದ ಸ್ನಾಯು ಇನ್ನೂ ಎಲುಬಿಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ನಾನು ಆ ವಾರ ಒಂದು ಮಧ್ಯಾಹ್ನ ಚೆಂಡು ತೆಗೆದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದೆ. ಊರಿಗೆ ನೀನು ಹೇಳಿದ್ದು ಸುಳ್ಳು ಎಂದು ಮಾರ್ಚಿಗೆ ಆ ವರ್ಷದ ಪಂದ್ಯಗಳು ಮುಗಿಯುವುದರೊಳಗೆ ತೋರಿಸಬೇಕಿತ್ತು. ಮೂರು ಸಲ ಎಸೆದೆ. ಮೂರನೆಯದಕ್ಕೆ ಭುಜದೊಳಗೆ ಒದ್ದೆ ಬಟ್ಟೆ ಹರಿದ ಹಾಗಾಯಿತು.

ಸೋಮವಾರ ಇಮ್ಕೆ ಕೇಳಿದಳು, ಎಷ್ಟು? "ಎರಡು" ಎಂದೆ. "ಎರಡಾದ್ರೆ ತುಟಿ ಯಾಕೆ ಹೀಗೆ ಬಿಳಿಚಿಕೊಂಡಿದೆ?" ಎಂದಳು. ಅಳತೆಪಟ್ಟಿ ಇಟ್ಟಳು. ಆಮೇಲೆ ಅದನ್ನು ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, "ಏನ್ ಮಾಡಿದ್ರಿ?" ಎಂದಳು. ಹೇಳಿದೆ. ಈ ವಯಸ್ಸಿನಲ್ಲಿ ಮತ್ತೆ ಹೊಲಿದರೂ ನಿಲ್ಲುವುದಿಲ್ಲ ಎಂದು ಡಾಕ್ಟರು ಫಿಲ್ಮ್ ನೋಡಿ ಹೇಳಿದರು. ನನ್ನ ಕೈ ಈಗ ಭುಜದ ಮಟ್ಟಕ್ಕೆ ಏರುತ್ತದೆ, ಅದಕ್ಕಿಂತ ಮೇಲಕ್ಕಿಲ್ಲ. ಇದು ಇಮ್ಕೆಗೆ, ಡಾಕ್ಟರಿಗೆ, ನನಗೆ ಬಿಟ್ಟರೆ ಈ ಸಾಲು ಓದುವ ತನಕ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಸುಳ್ಳನ್ನು ನಾನೇ ನಿಜ ಮಾಡಿದೆ. ಅದಕ್ಕೂ ನಿನ್ನನ್ನೇ ಶಪಿಸಿದೆ. ನ್ಯಾಯವಲ್ಲ ಎಂದು ಗೊತ್ತಿತ್ತು. ಆದರೂ ಬೆಳಿಗ್ಗೆ ಏಳಲು ಏನಾದರೂ ಬೇಕಿತ್ತು.

ಊರಿಗೆ ಬೇರೆ ಹೇಳಿದೆ. "ಎಸೆದಿದ್ದು ಸಾಕು ಹಾರ್ಮ್, ಇನ್ಮೇಲೆ ಮುಂದೆ ನಿಂತು ದಾರಿ ತೋರಿಸ್ತೀನಿ" ಎಂದೆ. ಅವನು ಖುಷಿಯಾದ. ನಮ್ಮ ರಸ್ತೆಗಳ ಒಂದೊಂದು ಉಬ್ಬೂ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲವಲ್ಲ. ಹಾಗೆ ನಾನು ನಿನಗೆ ನೂರು ಹೆಜ್ಜೆ ಮುಂದೆ, ಟಾರು ರಸ್ತೆಯ ಮೇಲೆ ಕಾಲು ಅಗಲಿಸಿ ನಿಲ್ಲುವವಳಾದೆ. ಚೆಂಡು ಎಲ್ಲಿ ಬೀಳಬೇಕೋ ಅಲ್ಲಿ ನನ್ನ ಬೂಟು. ಮಾತಿನ ಅಗತ್ಯವೇ ಇರಲಿಲ್ಲ. ಒಂದು ವರ್ಷ ಪೂರ್ತಿ ಸರಿಯಾದ ಜಾಗವನ್ನೇ ತೋರಿಸಿದೆ. ನೀನು ಗೆದ್ದೆ, ಹಾಡಿಸಿಕೊಂಡೆ, ಹೆಗಲ ಮೇಲೆ ಹೊರಿಸಿಕೊಂಡೆ. "ಅಕ್ಕ ನಿಂತ್ರೆ ನಾನು ರಸ್ತೆನೇ ನೋಡಲ್ಲ, ಅವಳ ಬೂಟು ನೋಡಿ ಎಸೀತೀನಿ" ಎಂದು ನೀನು ಹೇಳಿದ್ದನ್ನು ಹಾರ್ಮ್ ಬಂದು ನನಗೆ ಹೇಳಿದ, ನಾನು ಕರಗುತ್ತೇನೆ ಎಂದು. ಆ ಮಾತಿಗಾಗಿಯೇ ನಾನು ಒಂದು ವರ್ಷ ಕಾದಿದ್ದೆ.

ಹೋದ ನವೆಂಬರಿನಲ್ಲಿ ಪಕ್ಕದೂರಿನವರ ಜೊತೆಗಿನ ಪಂದ್ಯ. ನಾವು ಒಂದು ಎಸೆತ ಮುಂದಿದ್ದೆವು. ಪಂಪ್‌ಹೌಸಿನ ತಿರುವು ಬಂತು. ಅಲ್ಲಿ ಬಲಗಡೆಯ ಅಂಚಿಗೆ ಹಾಕಬೇಕು. ಎಡಗಡೆ ಬೀಟ್‌ರೂಟ್ ಟ್ರ್ಯಾಕ್ಟರುಗಳು ತುಳಿದು ರಸ್ತೆ ಕಾಲುವೆಯ ಕಡೆಗೆ ವಾಲಿದೆ. ನಾನು ಎಡಗಡೆ ನಿಂತೆ.

ಗಾಳಿ ಚೆಂಡನ್ನು ಎಳೆಯಿತು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ನಾನೂ ಹೌದು ಎಂದಿದ್ದೇನೆ. ಗಾಳಿಯಲ್ಲ, ನಾನು. ಇದನ್ನು ಬರೆದು ಅಳಿಸುವುದಿಲ್ಲ.

ಚೆಂಡು ನನ್ನ ಎರಡು ಬೂಟುಗಳ ನಡುವೆ ಬಂತು. ನಾನು ಹಾರಿದೆ. ಅದು ವಾಲಿ, ಉರುಳಿ, ನೀರಿಗೆ ಬಿತ್ತು. ಪಕ್ಕದೂರಿನ ಹೆಂಗಸರು ಕೇಕೆ ಹಾಕಿದರು. ಉದ್ದ ಕೋಲಿನ ಬುಟ್ಟಿಯಿಂದ ಕೆದಕಿ ತೆಗೆದ ಚೆಂಡನ್ನು ನೀನು ಬಟ್ಟೆಗೆ ಒರೆಸಿಕೊಂಡೆ. ಮುಂದಿನ ಎಸೆತದಲ್ಲಿ ಹಿಂದೆ ಬಿದ್ದದ್ದನ್ನೆಲ್ಲ ಒಂದೇ ಏಟಿಗೆ ತುಂಬಲು ಓಡಿ ಬಂದೆ. ಕೂಗಿದೆ, ಭುಜ ಹಿಡಿದುಕೊಂಡು ಮಂಡಿಯೂರಿದೆ. ಏನಾಯಿತೆಂದು ಅಲ್ಲಿದ್ದ ಎಲ್ಲರಿಗಿಂತ ಮೊದಲು ನನಗೆ ತಿಳಿಯಿತು. ನಾನು ನಿಂತಲ್ಲಿಂದ ಕದಲಲಿಲ್ಲ. ಸಂಜೆ ಮನೆಯಲ್ಲಿ ಕಲ್ಲುಸಕ್ಕರೆ ಹಾಕಿ, ಕೆನೆ ಬಿಟ್ಟು, ಮೂರು ಬಟ್ಟಲು ಚಹಾ ಕುಡಿದೆ. ರುಚಿಯಾಗಿತ್ತು.

ನಾಲ್ಕು ದಿನ ರುಚಿಯಾಗಿತ್ತು. ಐದನೆಯ ದಿನ ಹಾಲು ಕರೆಯುವಾಗ ಒಂದು ಸಂಗತಿ ತಲೆಗೆ ಹೊಕ್ಕಿತು, ಇಲ್ಲಿಯವರೆಗೆ ಹೋಗಿಲ್ಲ. ಎಸೆಯುವ ಮುನ್ನ ನೀನು ನಿಂತಿದ್ದೆ. ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತಾ ನನ್ನನ್ನೇ ನೋಡುತ್ತಾ ನಿಂತಿದ್ದೆ. ಹಾರ್ಮ್ ಹಿಂದಿನಿಂದ "ಎಸಿ ಮಾರಾಯ್ತಿ, ಅಷ್ಟು ಹೊತ್ತು ನೋಡೋಕೆ ಅವಳೇನು ಮದುಮಗನಾ?" ಎಂದ. ಎಲ್ಲರೂ ನಕ್ಕರು, ನೀನು ನಗಲಿಲ್ಲ. ಆ ತಿರುವು ನಿನಗೆ ಗೊತ್ತಿಲ್ಲವೇ? ಶಾಲೆಗೆ ಹೋಗುವಾಗ ನಾವಿಬ್ಬರೂ ಒಂದೇ ಸೈಕಲಿನಲ್ಲಿ ಆ ಕಾಲುವೆಗೇ ಬಿದ್ದವರು. ಎಡಗಡೆ ಹಾಕಿದರೆ ಚೆಂಡು ಎಲ್ಲಿ ಹೋಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ ನೀನು. ಆದರೂ ಒಂದು ಬೆರಳಿನಷ್ಟೂ ಆಚೀಚೆ ಆಗದಂತೆ ನಾನು ತೋರಿಸಿದ ಜಾಗಕ್ಕೇ ಎಸೆದೆ.

ಯಾಕೆ?

ನಾನು ಸೇಡು ತೀರಿಸಿಕೊಳ್ಳಲು ಹೊರಟದ್ದು ಮೋಸಹೋಗುವವಳ ಮೇಲೆ. ನೀನು ಮೋಸಹೋಗಲಿಲ್ಲ. ಮಾಡಿದ್ದಕ್ಕೆ ಇದು ಇರಲಿ ಎಂದು ತಲೆಯೊಡ್ಡಿದೆಯಾ? ಇಲ್ಲಾ 'ನೋಡು, ನೀನು ಎಂಥವಳು ಎಂದು ನನಗೆ ಗೊತ್ತು' ಎಂದು ತೋರಿಸಿದೆಯಾ? ಮೊದಲನೆಯದಾಗಿದ್ದರೆ ಬಾಯಿಬಿಟ್ಟು ಹೇಳಲು ನಿನಗೇನು ಕಷ್ಟವಿತ್ತು? ಎರಡನೆಯದಾಗಿದ್ದರೆ, ತಲೇಯಾ, ನಾನು ಎರಡು ವರ್ಷ ಕಾಪಾಡಿಕೊಂಡು ಬಂದ ಸೇಡನ್ನು ನೀನು ಒಂದು ಎಸೆತದಲ್ಲಿ ಕಿತ್ತುಕೊಂಡೆ. ಆ ಸಾಸೇಜಿಗಿಂತ ಅದು ದೊಡ್ಡ ಅಪರಾಧ.

ಇದಕ್ಕೆ ಉತ್ತರ ಬೇಕು. ಕಾಗದದಲ್ಲಿ ಬೇಡ, ಎದುರೆದುರು ನಿಂತು. ಆದರೆ ಕೈಯನ್ನು ಕತ್ತಿಗೆ ಕಟ್ಟಿಕೊಂಡವಳ ಜೊತೆ ನಾನು ಜಗಳವಾಡುವುದಿಲ್ಲ, ಅದು ನನ್ನ ಮರ್ಯಾದೆಗೆ ಕಡಿಮೆ. ಆದ್ದರಿಂದ ಇಮ್ಕೆ ಹೇಳಿದ್ದನ್ನು ಹೇಳಿದ ಹಾಗೆ ಮಾಡು, ಒಂಬತ್ತನೆಯ ವಾರ ಚೆಂಡನ್ನು ಒನ್ನೋ ಎಲ್ಲಾದರೂ ಬಚ್ಚಿಡಲಿ, ಆರು ತಿಂಗಳು ತಾಳು. ಎರಡು ಕೈಯನ್ನೂ ತಲೆಯ ಮೇಲಕ್ಕೆ ಎತ್ತಲು ಬಂದ ದಿನ ನನ್ನ ಮನೆಯ ಅಂಗಳಕ್ಕೆ ಬಾ. ಆಗ ನೋಡಿಕೊಳ್ಳೋಣ.

ನಿನ್ನ ಅಕ್ಕ, ಅದನ್ನು ಬದಲಾಯಿಸಲು ನಮ್ಮಿಬ್ಬರ ಕೈಯಲ್ಲೂ ಆಗಲಿಲ್ಲ,
ಫೋಲ್ಕೆ

ತಾ.ಕ.: ಇನ್ನೊಂದು ಸುದ್ದಿ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನ ಕೈಬರಹದಲ್ಲಿ ಓದಲಿ ಎಂದು ಈ ಕಾಗದವನ್ನು ಅಂಚೆಗೆ ಹಾಕದೆ ನಿನ್ನ ಪೆಟ್ಟಿಗೆಗೆ ನಾನೇ ಹಾಕುತ್ತಿದ್ದೇನೆ. ನಿನ್ನೆ ಸಂಜೆ ಸಂಘದ ಸಭೆಯಿತ್ತು. ನಿನ್ನ ಜಾಗಕ್ಕೆ ಯಾರು ಎಂಬ ಮಾತು ಬಂತು. ನಾನು ಎದ್ದು ನಿಂತು ನವೆಂಬರಿನಲ್ಲಿ ಬೇಕೆಂದೇ ತಪ್ಪು ತೋರಿಸಿದೆ ಎಂದು ಹೇಳಿದೆ. ಹಾರ್ಮ್ "ತಮಾಷೆ ಮಾಡ್ತಿದೀಯಾ ಫೋಲ್ಕೆ?" ಎಂದ. "ನಾನು ಯಾವತ್ತು ತಮಾಷೆ ಮಾಡಿದೀನಿ?" ಎಂದೆ. ಅರ್ಧ ಗಂಟೆ ಕೂಗಾಡಿದರು. ಇನ್ನು ಮುಂದೆ ಯಾವ ಪಂದ್ಯದಲ್ಲೂ ನಾನು ರಸ್ತೆಗೆ ಕಾಲಿಡುವಂತಿಲ್ಲ ಎಂದು ಮತಕ್ಕೆ ಹಾಕಿದರು. ನಾನೂ ಕೈ ಎತ್ತಿದೆ, ಎಡಗೈ. ನಿನ್ನ ಜಾಗ ಖಾಲಿ ಇರುತ್ತದೆ. ಖಾಲಿ ಬೇಡ, ಬೇರೆಯವರನ್ನು ಹಾಕೋಣ ಎಂದವನ ಬಾಯಿಯನ್ನು ನಾನು ಮುಚ್ಚಿಸಿದೆ. ಸೋಮವಾರ ಬೆಳಿಗ್ಗೆ ಪಂದ್ಯದ ರಸ್ತೆ ನೋಡಿ ಬರುವ ಕೆಲಸವೂ ಹೋಯಿತು, ಹೀಗಾಗಿ ನನಗೆ ಈಗ ಸೋಮವಾರಗಳು ಬಿಡುವಾಗಿವೆ. ಕಣ್ಣಿನ ಆಪರೇಷನ್ ಆದಾಗಿನಿಂದ ಒನ್ನೋ ಕಾರು ಓಡಿಸುವುದಿಲ್ಲ, ನಿನಗೆ ಇನ್ನು ಎರಡು ತಿಂಗಳು ಓಡಿಸಲಾಗದು. ಎಂಟು ಐವತ್ತೈದಕ್ಕೆ ನಿನ್ನ ಗೇಟಿನ ಮುಂದೆ ಇರುತ್ತೇನೆ. ಇಳಿಯುವುದಿಲ್ಲ, ಬೆಲ್ ಮಾಡುವುದಿಲ್ಲ, ದಾರಿಯಲ್ಲಿ ಮಾತಾಡುವುದಿಲ್ಲ. ಉಪಕಾರ ಎಂದುಕೊಳ್ಳಬೇಡ. ಇಮ್ಕೆ ಮೊದಲ ಸಲ ನಿನ್ನ ಕೈ ಎತ್ತುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಬೇಕು.